ಸಣ್ಣಯ್ಯನವರ ಭಾನುವಾರ

ಪ್ರೀತಿಯ ರುದ್ರಾಣಿ,

ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಕಾಗದ ಬರೆಯುವ ಕಾಲವೇ ಇದು ಎಂದು ನಗಬೇಡ. ಫೋನಿನಲ್ಲಿ ನನಗೆ ಅಪ್ಪಣೆ ಕೊಡಲು ಬರುತ್ತದೆ, ತಪ್ಪೊಪ್ಪಿಕೊಳ್ಳಲು ನಾಲಿಗೆ ಹೊರಳುವುದಿಲ್ಲ.

‘ನೀರಿನ ಸರದಿ’ ತಂತ್ರಾಂಶವನ್ನು ನಾವು ಏಳು ಜನ ಬಿಡುವಿನ ವೇಳೆಯಲ್ಲಿ ಕಟ್ಟಿದೆವು. ಯಾವ ರೈತನ ಗದ್ದೆಗೆ ನಾಲೆ ನೀರು ಯಾವಾಗ ಎಂದು ಅದು ತಿಳಿಸಬೇಕು, ಅಷ್ಟೆ. ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಆದರೆ ತಿದ್ದಿದ್ದನ್ನು ರೈತರ ಫೋನುಗಳಿಗೆ ಬಿಡುಗಡೆ ಮಾಡುವ ಕೀಲಿ, ಆ ಉದ್ದನೆಯ ಪಾಸ್‌ವರ್ಡ್, ಒಂಬತ್ತು ವರ್ಷ ನನ್ನೊಬ್ಬನ ಬಳಿಯೇ ಇತ್ತು. ಈ ಜೂನ್‌ನಲ್ಲಿ ಕಣ್ಣಿನ ಆಪರೇಷನ್ ಆದಾಗ, ಬೇರೆ ದಾರಿಯಿಲ್ಲದೆ ಆ ಹೊಣೆಯನ್ನು ಏಳರಲ್ಲೊಬ್ಬಳಾದ ನಿನಗೆ ಕೊಟ್ಟೆ. ಕೊಟ್ಟೆ ಎನ್ನುವುದು ಅರ್ಧ ಸುಳ್ಳು. ನಿನಗೊಂದು ಕೀಲಿ ಕೊಟ್ಟು, ನನ್ನದನ್ನೂ ಹಾಗೇ ಇಟ್ಟುಕೊಂಡಿದ್ದೆ.

ನಾಲೆಗೆ ನೀರು ಬಿಡಲು ಎರಡೇ ದಿನ ಉಳಿದಿತ್ತು. ಓದಲು ಬಾರದವರಿಗೂ ಸರದಿಯನ್ನು ಬಾಯಿಬಿಟ್ಟು ಹೇಳುವ ಹೊಸ ಆವೃತ್ತಿ ಸಿದ್ಧವಾಗಿತ್ತು. ಎಲ್ಲ ಪರೀಕ್ಷೆ ಮುಗಿಸಿ, ಬಿಡುಗಡೆ ಮಾಡಿಬಿಡು ಎಂದೆ. ನೀನು ಬಿಡಲಿಲ್ಲ. ನಿನ್ನ ಜೆರಾಕ್ಸ್ ಅಂಗಡಿಗೆ ಬೀಗ ಹಾಕಿ, ಎರಡು ಬಸ್ಸು ಬದಲಿಸಿ ಹುಲ್ಲಹಳ್ಳಿಗೆ ಹೊರಟೆ. “ಸಣ್ಣಯ್ಯಾರು ಕೇಳುಸ್ಕೊಂಡು ಹೂಂ ಅನ್ನಗಂಟ ನಾ ಬಿಡಕಿಲ್ಲ ಸಾ” ಎಂದು ಫೋನಿಟ್ಟೆ. ನನಗೆ ಮೈಯೆಲ್ಲ ಉರಿಯಿತು. ಯಾವ ಸಣ್ಣಯ್ಯ? ನಾನೇ ಬಿಡುಗಡೆ ಮಾಡಿಬಿಡೋಣವೆಂದು ಕೂತೆ. ಇದನ್ನು ನಿನಗೆ ಈವರೆಗೂ ಹೇಳಿಲ್ಲ. ಪಾಸ್‌ವರ್ಡಿನ ಕೊನೆಯ ಅಕ್ಷರಕ್ಕೆ ಬಂದಿದ್ದೆ, ನಿನ್ನ ಕರೆ ಬಂತು.

ಕರೆ ಕಡಿಯದೆ ನೀನು ಫೋನನ್ನು ಓದಲು ಬಾರದ ಆ ಮುದುಕ ರೈತರ ಮುಂದೆ ಹಿಡಿದೆ. ನಮ್ಮ ತಂತ್ರಾಂಶ ಸ್ಪಷ್ಟವಾಗಿ ಹೇಳಿತು: ಸೋಮವಾರ, ರಾತ್ರಿ ಎರಡು ಗಂಟೆ. “ಸರಿ ಬುಡವ್ವ, ಸೋಮ್ವಾರ ಉಂಡ್ಬುಟ್ಟು ಗದ್ದೆತಕ್ಕೆ ಓಯ್ತೀನಿ” ಎಂದರು ಸಣ್ಣಯ್ಯನವರು. ಹಿಂದಿನ ರಾತ್ರಿಯೇ ಹೋಗಬೇಕಲ್ಲವೇ ಎಂದು ನೀನು ಕೇಳಿದ್ದಕ್ಕೆ ನಕ್ಕರು. “ಅದು ಭಾನ್ವಾರದ ರಾತ್ರಿ ಕಣವ್ವ. ಬೆಳಕೇ ಅರೀದೆ ಸೋಮ್ವಾರ ಎಲ್ಲಿಂದ ಬಂದದು?”

ನಡುರಾತ್ರಿ ಹನ್ನೆರಡಕ್ಕೆ ದಿನ ಬದಲಾಗುವಂತೆ ಬರೆದವನು ನಾನು. ತಾಂಡವಪುರದ ಗದ್ದೆ ಬದುವಿನಲ್ಲಿ ಬೆಳೆದವನು, ನಮ್ಮಪ್ಪನೂ ಬೆಳಕು ಹರಿದ ಮೇಲೆಯೇ ದಿನ ಎಣಿಸುತ್ತಿದ್ದ; ನನಗೆ ಮರೆತೇಹೋಗಿತ್ತು. ಕೊನೆಯ ಆ ಅಕ್ಷರ ಒತ್ತಿದ್ದರೆ ಸಣ್ಣಯ್ಯನವರು ಒಂದು ದಿನ ತಡವಾಗಿ ಹೋಗಿ ಒಣ ಗದ್ದೆಯಲ್ಲಿ ನಿಲ್ಲುತ್ತಿದ್ದರು. ಮತ್ತೆ ಅವರ ಸರದಿ ಎಂಟು ದಿನಕ್ಕೆ. ಅವರಂಥವರು ಇನ್ನೆಷ್ಟು ಜನವೋ!

ರುದ್ರಾಣಿ, ನಾನು ಬೆರಗಾಗಿ ಕೂತುಬಿಟ್ಟೆ. ಇಷ್ಟು ವರ್ಷ ನಾನು ಪರೀಕ್ಷೆ ಮಾಡಿದ್ದು ಯಂತ್ರವನ್ನು. ಕೇಳುವವರ ಪಕ್ಕದಲ್ಲಿ ಹೋಗಿ ಕೂರಬೇಕೆಂದು ನಿನಗೆ ಯಾರು ಹೇಳಿಕೊಟ್ಟರು? ನಾನು ಹೇಳಿಕೊಟ್ಟಿಲ್ಲ. ನನ್ನ ಮಾತಿಗೆ ಅಡ್ಡ ನಿಲ್ಲುವ ಧೈರ್ಯವೂ ನನ್ನಿಂದ ಬಂದದ್ದಲ್ಲ. ಮರುದಿನ ನೀನು ತಿದ್ದಿ ಬಿಡುಗಡೆ ಮಾಡಿದ್ದು ನನ್ನ ಫೋನಿಗೂ ಬಂತು. ಸಣ್ಣಯ್ಯನವರ ಸರದಿ ಯಾವಾಗ ಎಂದು ಒತ್ತಿದೆ. “ಭಾನುವಾರ, ರಾತ್ರಿ ಎರಡು ಗಂಟೆ” ಎಂದಿತು. ನಾಲ್ಕು ಸಲ ಕೇಳಿದೆ, ಕಣ್ಣು ತುಂಬಿತು. ಹೊಸ ಕಣ್ಣು, ಒದ್ದೆ ಮಾಡಬಾರದೆಂದು ಡಾಕ್ಟರು ಹೇಳಿದ್ದರು.

ಇವತ್ತು ಬೆಳಿಗ್ಗೆ ನನ್ನ ಕೀಲಿಯನ್ನು ಅಳಿಸಿದೆ. ಎರಡನೆಯದು ಯಾರಿಗೆಂದು ನೀನೇ ಆರಿಸು, ನನ್ನನ್ನು ಕೇಳಬೇಡ. ಅಳಿಸುವ ಮುನ್ನ, ನಿಜವಾಗಿಯೂ ಅಳಿಸಲೇ ಎಂದು ಕಂಪ್ಯೂಟರು ಕೇಳಿತು. ಸಣ್ಣಯ್ಯನವರನ್ನು ನೆನೆದು ಹೂಂ ಅಂದೆ.

ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ.

ಇನ್ನು ಏಳರಲ್ಲೊಬ್ಬನಾದ,
ಅಮೃತೇಶ್