ಕಲ್ಲಿಗೆ ನನ್ನ ಹೆಸರು ಬೇಡ

ಮಾರ್ಚ್ 3, 1954. ಬೆಳಿಗ್ಗೆ 9

ರಾತ್ರಿ ಆಕಾಶದ ಚಿತ್ರ ಮೂಡಿದ ಗಾಜಿನ ಫಲಕಗಳಲ್ಲಿ ಹನ್ನೊಂದನೆಯದನ್ನು ಅಳೆಯುತ್ತಿದ್ದೆ. ಪಕ್ಕದ ಮೇಜಿನ ಟೈಪಿಸ್ಟ್ ನಿಲ್ದಾ ಓಡಿ ಬಂದಳು.

"ಎರ್ಮೆಲಿಂದಾ! ನಿನ್ನ ಕಲ್ಲಿಗೆ ನಂಬರ್ ಬಂತು ಕಣೇ!"

ಮಂಗಳ-ಗುರುಗಳ ನಡುವೆ ಸುತ್ತುವ ಯಃಕಶ್ಚಿತ್ ಬಂಡೆ. ಆರು ವರ್ಷದ ಹಿಂದೆ ಫಲಕದಲ್ಲಿ ಅದರ ಗೆರೆ ಕಂಡವಳು ನಾನು. ನಮ್ಮ ವೀಕ್ಷಣಾಲಯದ ನಿರ್ದೇಶಕ ಡಾ. ಬುಸ್ತಾಮಾಂತೆ "ಗೀರು, ಒರೆಸಿ" ಅಂದಿದ್ದರು. ಒರೆಸಲಿಲ್ಲ. ಬೆನ್ನಟ್ಟಿದೆ. ನಂಬರ್ ಬಂತೆಂದರೆ ಅದರ ದಾರಿ ಖಚಿತವಾಯಿತೆಂದು ಅರ್ಥ, ಈಗ ಹೆಸರಿಡಬಹುದು... ಕಂಡುಹಿಡಿದವರ ಹಕ್ಕು ಅದು.

ಮಾರ್ಚ್ 4

ಡಾಕ್ಟರ್ ಕರೆದರು. ಮುಖದಲ್ಲಿ ಬಿಷಪ್ಪರ ಕಳೆ.

"ಸೆನ್ಯೋರಿತಾ, ಅದಕ್ಕೆ ನಿಮ್ಮ ಹೆಸರೇ ಇಡ್ತಿದ್ದೀನಿ!"

ಕಣ್ಣು ಒದ್ದೆಯಾಯಿತು. ಅವರದು. ನಾನು ಪೆದ್ದಿಯಂತೆ ಥ್ಯಾಂಕ್ಸ್ ಹೇಳಿ ಬಂದೆ.

ಮಾರ್ಚ್ 7, ಭಾನುವಾರ

ಅಮ್ಮ ಬೀದಿಗೆಲ್ಲ ಎಂಪನಾಡ ಕಡುಬು ಹಂಚಿದಳು. ನಾನು ಸೋರೆಬುರುಡೆಯಲ್ಲಿ ಮಾಟೆ ಚಹಾ ಹೀರುತ್ತಾ ಯೋಚಿಸಿದೆ. ಆಕಾಶ ನೋಡುವವರಲ್ಲಿ ಒಂದು ಸಂಪ್ರದಾಯ — ಕಂಡುಹಿಡಿದವರು ತಮ್ಮದೇ ಹೆಸರಿಡುವಂತಿಲ್ಲ. ಅಂದರೆ ಕಲ್ಲು ಎರ್ಮೆಲಿಂದಾ ಆದ ಕ್ಷಣ, ಅದನ್ನು ಕಂಡವಳು ಎರ್ಮೆಲಿಂದಾ ಅಲ್ಲ! ಭಲೆ. ಹಾರ ಹಾಕಿ ಜೇಬು ಕತ್ತರಿಸುವ ವಿದ್ಯೆ.

"ಅಮ್ಮಾ, ಬೇಡ ಅಂತೀನಿ."

"ಹುಚ್ಚೀ! ಎದುರುಮನೆಯವಳ ಹೆಸರಲ್ಲಿ ಪಾರ್ಕಿನ ಒಂದು ಬೆಂಚೂ ಇಲ್ಲ. ನಿನಗೆ ಆಕಾಶ ಬೇಡವಾ?"

ಮಾರ್ಚ್ 8

"ಡಾಕ್ಟರ್, ನನ್ನ ಹೆಸರು ಬೇಡ. ನಿಮ್ಮದೇ ಇಡಿ."

"ಛೆ! ಕಂಡುಹಿಡಿದೋರು ತಮ್ಮ ಹೆಸರು ಇಟ್ಕೊಳ್ಳೋದುಂಟೇ?"

"ಅದಕ್ಕೇ ನನ್ನದೂ ಬೇಡ ಅಂದದ್ದು."

ನಿಲ್ದಾಳ ಟೈಪ್ ಯಂತ್ರ ನಿಂತಿತು. ಡಾಕ್ಟರ್ ಬೀಟ್‌ರೂಟಾದರು.

"ಆ ರಾತ್ರಿ ದೂರದರ್ಶಕದ ಕ್ಯಾಮೆರಾ ತೆರೆದವನು ನಾನು!"

"ತೆರೆದು ಗೊರಕೆ ಹೊಡೆದಿರಿ."

"ಹಾಗಾದ್ರೆ ನಂಬರಾಗೇ ಸಾಯಲಿ ಅದು!"

"ಸಾಯಲ್ಲ ಡಾಕ್ಟರ್. ಸುತ್ತುತ್ತೆ."

ಮಾರ್ಚ್ 19, ಬೆಳಿಗ್ಗೆ 11.30

ಹನ್ನೊಂದು ದಿನದಿಂದ ನೆಲಮಾಳಿಗೆಯಲ್ಲಿ ಫಲಕ ತೊಳೆಯುವ ಗೌರವ ನನ್ನದು. ಇವತ್ತು ನಿಲ್ದಾ ಮೆಲ್ಲಗೆ ಇಳಿದು ಬಂದಳು. "ನೋಡು. ನಾಳೆ ಡಾಕ್ಟರ್ ಅಂಚೆಗೆ ಹಾಕ್ತಾರಂತೆ." ಕಲ್ಲಿಗೆ ಹೆಸರಿಡುವ ಅರ್ಜಿಯ ಕಾರ್ಬನ್ ಪ್ರತಿ. ಕಂಡುಹಿಡಿದವರು: ಬುಸ್ತಾಮಾಂತೆ. ಹೆಸರು: ಎರ್ಮೆಲಿಂದಾ.

ಹೆಸರು ದಾಖಲಿಸುವ ಕೇಂದ್ರಕ್ಕೆ ನಾನೂ ಒಂದು ಕಾಗದ ಬರೆದೆ. ಆರು ವರ್ಷದ ಅಳತೆಗಳ ನಕಲು ಲಗತ್ತಿಸಿದೆ. ಕೊನೆಯ ಸಾಲು: "ಕಲ್ಲಿನ ಹೆಸರೇನು ಎನ್ನುವಿರೋ? ಕಂಡವಳು ನಾನೆಂದು ಮೊದಲು ಬರೆದುಕೊಳ್ಳಿ, ಆಮೇಲೆ ತಿಳಿಸುತ್ತೇನೆ." ಸಹಿ ಹಾಕಿದೆ. ಪೂರ್ತಿ ಹೆಸರು, ದಪ್ಪಕ್ಷರ.

ಅಂಚೆ ಕಚೇರಿ ಹನ್ನೆರಡಕ್ಕೆ ಮುಚ್ಚುತ್ತದೆ. ಮೆಟ್ಟಿಲ ತುದಿಯಲ್ಲಿ ಡಾಕ್ಟರ್ ಅಡ್ಡ ನಿಂತು ಕೇಳುತ್ತಿದ್ದಾರೆ — "ಕೆಲಸದ ಹೊತ್ತಲ್ಲಿ ಲಕೋಟೆ ಹಿಡ್ಕೊಂಡು ಎಲ್ಲಿಗೆ ಸವಾರಿ?" ವಿಳಾಸ ದೊಡ್ಡದಾಗಿಯೇ ಬರೆದಿದ್ದೇನೆ. ಓದಿಕೊಳ್ಳಲಿ. ಕೋಟು ಹಾಕಿಕೊಂಡಾಯಿತು, ಇನ್ನು ಅವರು ಪಕ್ಕಕ್ಕೆ ಸರಿಯಲಿ ಬಿಡಲಿ, ನಾನು—