ಎಡಕ್ಕೆ ಕತ್ತು ತಿರುಗಿಸುವ ಕೋಳಿ

ಎಲ್ಕ್‌ಫೋರ್ಡ್, ಮಿನೆಸೋಟ
ಶುಕ್ರವಾರ, ೨೪ ಅಕ್ಟೋಬರ್ ೧೯೮೬

ಪ್ರೀತಿಯ ಬ್ರಿಟಾ,

ನಿನಗೆ ಕಾಗದ ಬರೆಯುವ ಧೈರ್ಯ ಮಾಡಿದ್ದಕ್ಕೇ ಮೊದಲು ಕ್ಷಮೆ ಕೇಳುತ್ತೇನೆ, ತಡ ಮಾಡಿದ್ದಕ್ಕೆ ಆಮೇಲೆ. ನಿನ್ನ ಕಾರ್ಡು ಬುಧವಾರ ಬಂತು. ಅದರಲ್ಲಿ ಇದ್ದದ್ದು ಎರಡೇ ಮಾತು: "ಹೇಳಿದ್ದು ಯಾರು?" ಆರು ವರ್ಷ ಒಂದೇ ಹಾಸ್ಟೆಲಿನಲ್ಲಿ, ಒಂದೇ ಕೋಣೆಯಲ್ಲಿ ಇದ್ದೆವು, ನೀನು ನನಗೆ ಇಷ್ಟು ಚಿಕ್ಕ ಚೀಟಿ ಯಾವತ್ತೂ ಬರೆದವಳಲ್ಲ. ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ನಿನ್ನ ರೂಮ್‌ಮೇಟ್, "ಅವಳು ಮಾತಾಡಲ್ವಂತೆ" ಅಂದಳು. ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು. ಇಲ್ಲಿ ಫೋನ್ ಇರುವುದು ಕಾರಿಡಾರಿನ ಗೋಡೆಯಲ್ಲಿ. ಮೂವತ್ತು ಬಾಗಿಲು, ಮೂವತ್ತೂ ಅರ್ಧ ತೆರೆದಿರುತ್ತವೆ.

ನಿನ್ನ ಪ್ರಶ್ನೆಗೆ ಬರುತ್ತೇನೆ. ಮೊದಲು ಡಾಲ್ಟನ್ ವಿಷಯ ಹೇಳಿಬಿಡುತ್ತೇನೆ.

ನಿನ್ನ ಅಣ್ಣನ ಎಡಭುಜದ ಮೂಳೆ ಎರಡು ಕಡೆ ಮುರಿದಿದೆ. ಕೈಯನ್ನು ಕುತ್ತಿಗೆಗೆ ಕಟ್ಟಿ ಕೂರಿಸಿದ್ದಾರೆ. ತಲೆಗೆ ಏನೂ ಆಗಿಲ್ಲವೆಂದು ಡಾಕ್ಟರು ಮೂರು ಸಲ ಹೇಳಿದರು. ನಿನ್ನ ಅಮ್ಮ ದಿನವೂ ಆಸ್ಪತ್ರೆಗೆ ಮಾಂಸ ತರಕಾರಿ ಬೇಯಿಸಿದ ಬಿಸಿ ಹಾಟ್‌ಡಿಶ್ ತಂದು, ಮೇಲಿನ ಗರಿಗರಿ ಆಲೂಗಡ್ಡೆಯನ್ನೆಲ್ಲ ಅವನ ತಟ್ಟೆಗೇ ಬಡಿಸುತ್ತಾರೆ. ಚಿಕ್ಕಂದಿನಲ್ಲಿ ಮರದ ಕೊಂಬೆ ಬಡಿದು ಅವನ ಎಡಗಣ್ಣು ಮಂಜಾಗಿದೆ ಎಂದಷ್ಟೇ ಅವರು ನಂಬಿದ್ದರು, ಪೂರ್ತಿ ಹೋಗಿದೆ ಎಂದು ಗೊತ್ತಿರಲಿಲ್ಲ. ನಿನ್ನೆ ನಾನು ಅಲ್ಲಿದ್ದಾಗಲೇ ಕೇಳಿದರು: "ಅದು ಯಾವ ಮರದ ಕೊಂಬೆ ಕಣೋ? ಒಂದ್ಸಲ ಹೇಳು, ಹೋಗಿ ಕಡಿದು ಹಾಕ್ತೀನಿ." ಡಾಲ್ಟನ್ ಗೋಡೆಯ ಕಡೆ ತಿರುಗಿಕೊಂಡ.

ನಾನು ಸೆಪ್ಟೆಂಬರಿನಲ್ಲಿ ಇಲ್ಲಿಯ ಕಾಲೇಜಿಗೆ ಬಂದಾಗಿನಿಂದ ಈ ಊರಿಗೆ ಇದ್ದದ್ದು ಒಂದೇ ಜಗಳ. ನಮ್ಮ ಫುಟ್‌ಬಾಲ್ ತಂಡಕ್ಕೆ ಚೆಂಡು ಎಸೆಯುವ ಡಾಲ್ಟನ್ ಲುಂಡ್ ನಿಜವಾಗಿ ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಹೌದೋ ಅಲ್ಲವೋ? ಕ್ಷೌರದಂಗಡಿಯಲ್ಲಿ ಕಿಟಕಿ ಪಕ್ಕದ ಬೆಂಚಿನವರು ಅವನ ಪರ, ಗೋಡೆ ಪಕ್ಕದವರು ವಿರುದ್ಧ. ರೇಡಿಯೋದಲ್ಲಿ ಫೋನ್ ಮಾಡಿ ಮಾತಾಡುವ ಕಾರ್ಯಕ್ರಮದಲ್ಲಿ ಹಂದಿ ಸಾಕುವ ಒಬ್ಬರು, "ಐದು ಪಂದ್ಯ ಗೆದ್ದಿದಾನಲ್ರೀ, ಇನ್ನೇನ್ ಮಾಡ್ಬೇಕು, ಹಾರ್ಬೇಕಾ?" ಎಂದರೆ, ಮರುಗಳಿಗೆ ಒಬ್ಬ ಹೆಂಗಸು, "ಗೆದ್ದಿದ್ದು ಅವನಲ್ಲ, ಎದುರಿನವರನ್ನ ತಡೆದು ನಿಲ್ಸಿದ ಹುಡುಗ್ರು. ಆ ಕೋಳಿ ಆಟವೆಲ್ಲ ಕತ್ತು ತಿರುಗಿಸ್ಕೊಂಡು ನಿಂತು, ಕೊನೇ ಎರಡು ನಿಮಿಷದಲ್ಲಿ ಒಂದು ಚೆಂಡು ಸರಿಯಾಗಿ ಎಸೆದ್ರೆ ದೊಡ್ಡ ಮನುಷ್ಯನಾ?" ಎನ್ನುತ್ತಿದ್ದರು.

ಕೋಳಿ ಎನ್ನುವ ಹೆಸರು ನಿನಗೂ ಗೊತ್ತು. ಚೆಂಡು ಕೈಗೆ ಬರುವ ಮುಂಚೆ ಅವನು ಪ್ರತಿ ಸಲ ಇಡೀ ತಲೆಯನ್ನು ಸರಕ್ಕನೆ ಎಡಕ್ಕೆ ತಿರುಗಿಸುತ್ತಾನಲ್ಲ, ಅದಕ್ಕೆ. ಅರ್ಧ ಊರು ಅದನ್ನು ಗತ್ತು ಎಂದು ಮೆಚ್ಚಿ, ಕೆಂಪು ಜುಟ್ಟಿನ ಟೋಪಿ ಹಾಕಿಕೊಂಡು ಮೈದಾನಕ್ಕೆ ಬರುತ್ತಿತ್ತು. ಉಳಿದರ್ಧ ಅದನ್ನು ಸೊಕ್ಕು ಎಂದು, ಅವನು ತಲೆ ತಿರುಗಿಸಿದಾಗಲೆಲ್ಲ "ಕೊಕ್ಕೊಕ್ಕೋ" ಎಂದು ಕೂಗುತ್ತಿತ್ತು. ಎಡಗಣ್ಣು ಕಾಣದವನು ಎಡಕ್ಕೆ ನೋಡಬೇಕಾದರೆ ಇಡೀ ತಲೆಯನ್ನೇ ತಿರುಗಿಸಬೇಕು ಎಂದು ಆ ಸಾವಿರಾರು ಜನರ ನಡುವೆ ಗೊತ್ತಿದ್ದದ್ದು ನನಗೆ. ಇನ್ನೊಬ್ಬರಿಗೂ ಗೊತ್ತಿತ್ತು, ಅದನ್ನು ಮುಂದೆ ಬರೆಯುತ್ತೇನೆ.

ನಮ್ಮ ಊಟದ ಮೇಜಿನಲ್ಲೂ ಇದೇ ಜಗಳ. ಕೆಳಮಹಡಿಯ ಕರ್ಟ್ ವೈಲರ್ ಎಂಬ ಹುಡುಗ ದಿನಾ ಶುರು ಮಾಡುತ್ತಿದ್ದ. "ಐವತ್ತು ಎಸೆದ್ರೆ ಇಪ್ಪತ್ತೈದು ನೆಲಕ್ಕೆ. ನಮ್ಮಜ್ಜಿ ಪೊರಕೇಲಿ ಹೊಡೆದ್ರೂ ಅಷ್ಟು ಗುರಿಗೆ ಬೀಳತ್ತೆ."

"ಸೋಲೋ ಹೊತ್ತಲ್ಲಿ ಎಸೆದಿದ್ದು ಎಷ್ಟು ನೆಲಕ್ಕೆ ಬಿದ್ದಿದೆ, ಅದನ್ನ ಹೇಳು," ಎಂದೆ ನಾನು ಒಂದು ದಿನ.

"ಏ ಸುಮ್ನಿರಮ್ಮಾ ಮಹಾರಾಣಿ. ನಿಂದು ಅರ್ಧ ಇಂಗ್ಲಿಷ್ ರಕ್ತ. ನಿಮ್ಮಪ್ಪನ ಫುಟ್‌ಬಾಲ್ ಕಾಲಲ್ಲಿ ಆಡೋದು. ಕೈ ವಿಷಯಕ್ಕೆ ಬರ್ಬೇಡ."

ಮೇಜಿಗೆ ಮೇಜೇ ನಕ್ಕಿತು. ಹನ್ನೆರಡನೇ ವಯಸ್ಸಿನಲ್ಲಿ ಹಾಸ್ಟೆಲಿಗೆ ಹೊಸದಾಗಿ ಬಂದು ನಾನು ಅಪ್ಪನ ಉಚ್ಚಾರದಲ್ಲಿ "ವಾಟರ್" ಎಂದಾಗ ಎಲ್ಲರೂ ನಕ್ಕರಲ್ಲ, ಹಾಗೆ. ಅವತ್ತು ನೀನು ಎದ್ದು ನಿಂತು, "ಅವಳಿಗೆ ನೀರು ಕೊಡ್ರೇ ಮೊದ್ಲು" ಎಂದು ಗದರಿಸಿದ್ದೆ. ಇಲ್ಲಿ ಯಾರೂ ಎದ್ದು ನಿಲ್ಲಲಿಲ್ಲ. ಆಮೇಲೆ ಮಾತು ಎಲ್ಲೆಲ್ಲಿಗೋ ಹೋಯಿತು.

ಅದಾಗಿ ಒಂಬತ್ತು ದಿನಕ್ಕೆ, ಹೋದ ಶನಿವಾರ, ನದಿಯಾಚೆಯ ಕಾಲೇಜಿನವರ ಜೊತೆ ಪಂದ್ಯ. ನಾನು ಕೋಳಿ ಕೂಗಿಗೆ ಕಾಯುತ್ತಿದ್ದೆ. ಡಾಲ್ಟನ್ ಬಂದು ನಿಂತ, ತಲೆಯನ್ನು ಎಡಕ್ಕೆ ತಿರುಗಿಸಿದ. ಅವರ ಕಡೆಯಿಂದ ಒಂದು ಸದ್ದಿಲ್ಲ. ನೋಡುತ್ತೇನೆ, ಅವರ ಕಡೆಯ ಸ್ಟ್ಯಾಂಡಿನಲ್ಲಿದ್ದವರೆಲ್ಲ, ತಂದೆತಾಯಿಗಳು, ತುತ್ತೂರಿಯ ಹುಡುಗಿಯರು, ಎಲ್ಲರೂ ಎಡ ಅಂಗೈಯಿಂದ ತಮ್ಮ ಎಡಗಣ್ಣು ಮುಚ್ಚಿಕೊಂಡು ನಿಂತಿದ್ದಾರೆ. ಡಾಲ್ಟನ್ ಅದನ್ನು ನೋಡಿದ. ನೋಡಿದ್ದು ನನಗೆ ಗೊತ್ತಾಯಿತು, ಯಾಕೆಂದರೆ ಆಮೇಲೆ ಅವನು ತಲೆ ತಿರುಗಿಸುವುದನ್ನೇ ಬಿಟ್ಟ. ಒಂದು ಸಲವೂ ಇಲ್ಲ, ಬ್ರಿಟಾ. ಎಡಗಡೆಯಿಂದ ಆ ದೊಡ್ಡ ಹುಡುಗ ಓಡಿ ಬರುತ್ತಿದ್ದದ್ದು ಇಡೀ ಮೈದಾನಕ್ಕೆ ಕಾಣಿಸುತ್ತಿತ್ತು. ನಾನು "ಎಡಕ್ಕೆ! ಎಡಕ್ಕೆ!" ಎಂದು ಕಿರುಚಿದೆ. ಮೂಳೆ ಮುರಿದ ಸದ್ದು ನಾನಿದ್ದಲ್ಲಿಗೆ ಕೇಳಿಸಿರಲು ಸಾಧ್ಯವಿಲ್ಲ ಎನ್ನುತ್ತಾರೆ. ನನಗೆ ಕೇಳಿಸಿತು.

ಆಸ್ಪತ್ರೆಯಲ್ಲಿ ಕಣ್ಣು ಪರೀಕ್ಷೆ ಮಾಡಿದರು. ವರ್ಷವರ್ಷವೂ ಅಕ್ಷರದ ಪಟ್ಟಿಯನ್ನು ಬಾಯಿಪಾಠ ಮಾಡಿ ಪಾಸಾಗುತ್ತಿದ್ದನಲ್ಲ, ಈ ಸಲ ಪಟ್ಟಿ ಬೇರೆಯಾಗಿತ್ತು. ಇನ್ನು ಅವನನ್ನು ಯಾರೂ ಆಡಿಸುವುದಿಲ್ಲ.

ಈಗ ಓರ್ವಿಲ್ ವಿಷಯ. ಸಾಮಾನು ಕೋಣೆಯಲ್ಲಿ ಹೆಲ್ಮೆಟ್ ರಿಪೇರಿ ಮಾಡುವವನು, ಅರವತ್ತೊಂದು ವಯಸ್ಸು. ವಾರಕ್ಕೆ ಎಂಟು ಗಂಟೆ ನಾನು ಅವನ ಕೈಕೆಳಗೆ ಜೆರ್ಸಿ ಒಗೆಯುತ್ತೇನೆ. ಡಾಲ್ಟನ್ ಹೆಲ್ಮೆಟ್ಟಿನ ಮುಂದಿನ ಕಂಬಿಗಳಲ್ಲಿ ಎಡಗಡೆಯದೊಂದನ್ನು ಗರಗಸದಿಂದ ಕತ್ತರಿಸಿ, ಕೆಳಗೆ ಬೆಸೆದು, ಅವನು ತಲೆ ತಿರುಗಿಸಿದಾಗ ಅಗಲವಾಗಿ ಕಾಣುವ ಹಾಗೆ ಮಾಡಿಕೊಟ್ಟವನು ಅವನೇ. ಮೂರು ವರ್ಷದಿಂದ ಅವನಿಗೆ ಗೊತ್ತಿತ್ತು. ಕೋಚ್ ರಾಡ್ಕೆ ಆ ಹೆಲ್ಮೆಟ್ ಹಿಡಿದುಕೊಂಡು ಬಂದರು. "ಗೊತ್ತಿದ್ದಿದ್ದು ನಿನಗೊಬ್ಬನಿಗೇ. ನಿನ್ನ ತಂಗಿ ಮಗ ಆಡೋದು ನದಿಯಾಚೆ. ಇನ್ನು ನಾನೇನು ತಿಳ್ಕೊಳ್ಳಲಿ, ಓರ್ವಿಲ್?"

"ನೀವು ಏನ್ ತಿಳ್ಕೊಂಡಿದೀರೋ ಅದನ್ನ ತಿಳ್ಕೊಂಡಾಗಿದೆ, ಕೋಚ್."

ನಾನು ಅಲ್ಲೇ, ಒಗೆದ ಬಟ್ಟೆಯ ಬುಟ್ಟಿಯ ಹಿಂದೆ ನಿಂತಿದ್ದೆ. ಕೋಚ್ ಹೋದ ಮೇಲೆ ಓರ್ವಿಲ್ ನನ್ನ ಕಡೆ ನೋಡಿ, "ಅಳ್ಬೇಡ ಮಗಾ. ಬಿಳೀದು ಕೆಂಪು ಬೇರೆ ಮಾಡಿದ್ಯಾ?" ಎಂದ. ನವೆಂಬರ್ ಮೂರು, ಸೋಮವಾರ, ಕಾಲೇಜಿನ ಕಮಿಟಿಯವರು ಸೇರಿ ಅವನನ್ನು ತೆಗೆದುಹಾಕುತ್ತಾರೆ. ಮೂವತ್ತು ವರ್ಷದ ಕೆಲಸ. ಹೋದರೆ ಹೋಗಲಿ ಎನ್ನುತ್ತಾನೆ. ಆದರೆ ತಾನು ಆ ಹುಡುಗನನ್ನು ಮಾರಿಕೊಂಡೆ ಎಂದು ಊರು ಹೇಳುವುದನ್ನು ಮಾತ್ರ ಅವನಿಂದ ತಡೆದುಕೊಳ್ಳಲು ಆಗುತ್ತಿಲ್ಲ. ಊಟದ ಡಬ್ಬಿಯನ್ನು ಮುಚ್ಚಿಟ್ಟ ಹಾಗೇ ಮನೆಗೆ ಒಯ್ಯುತ್ತಾನೆ.

ಊರಿನ ಜಗಳ ನಿಂತುಹೋಗಿದೆ, ಬ್ರಿಟಾ. ಕ್ಷೌರದಂಗಡಿಯಲ್ಲಿ ಈಗ ಎರಡು ಬೆಂಚಿನವರೂ ಒಂದೇ ಮಾತು ಹೇಳುತ್ತಾರೆ: "ಪಾಪ, ಒಂದೇ ಕಣ್ಣಲ್ಲಿ ಅಷ್ಟಾದ್ರೂ ಆಡಿದ್ನಲ್ಲ." ನಾನು ಅದನ್ನು ಸಂತೋಷದ ಸುದ್ದಿ ಎಂದುಕೊಂಡು ನಿನ್ನೆ ಡಾಲ್ಟನ್‌ಗೆ ಹೇಳಿದೆ. ಎಂಥ ಪೆದ್ದಿ. ಅವನು ಕೈ ಕಟ್ಟಿದ ಪಟ್ಟಿಯನ್ನು ಸರಿಮಾಡಿಕೊಂಡ. ಆಮೇಲೆ, "ಹೆಟ್ಟಿ, ಚೆನ್ನಾಗಿ ಆಡ್ತಾನೆ, ಕೆಟ್ಟದಾಗಿ ಆಡ್ತಾನೆ ಅಂತ ಬಡಿದಾಡ್ತಿದ್ರಲ್ಲ, ಅದೇ ಚೆನ್ನಾಗಿತ್ತು. ಕೋಳಿ ಅಂದ್ರೂ ಪರ್ವಾಗಿರ್ಲಿಲ್ಲ. ಈಗ ಯಾರೂ ನನ್ನ ಬೈಯಲ್ಲ ನೋಡು," ಎಂದ.

ಅದಕ್ಕೇ ಕೇಳುತ್ತೇನೆ. ಓರ್ವಿಲ್‌ಗೆ ಒಬ್ಬನಿಗೇ ಗೊತ್ತಿದ್ದದ್ದಲ್ಲ, ಮನೆಯಲ್ಲಿ ನಿನಗೂ ಗೊತ್ತಿತ್ತು ಎಂದು ಕೋಚ್‌ಗೆ ನಾಲ್ಕು ಸಾಲು ಬರೆಯುತ್ತೀಯಾ? ಅಷ್ಟಾದರೆ ಅವನು ಉಳಿದರೂ ಉಳಿಯಬಹುದು.

ಅಲ್ಲಿ ಸಮುದ್ರದ ಗಾಳಿ ಬಲವಂತೆ, ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಓಡಾಡು. ನೀನು ಚೆನ್ನಾಗಿರು, ನಿನ್ನ ಓದು ಚೆನ್ನಾಗಿ ಸಾಗಲಿ. ನನ್ನ ಮೇಲೆ ಎಷ್ಟೇ ಸಿಟ್ಟಿದ್ದರೂ ನಿನ್ನ ಅಣ್ಣ ಬೇಗ ಗುಣವಾಗಲಿ ಎಂಬ ನನ್ನ ಪ್ರಾರ್ಥನೆಯನ್ನು ಬೇಡ ಎನ್ನಬೇಡ.

ನಿನ್ನ,
ಹೆಟ್ಟಿ

ಮತ್ತೆ: ಕಾಗದವನ್ನು ಲಕೋಟೆಗೆ ಹಾಕಿ ಅಂಟಿಸಿದ್ದೆ, ಹರಿದು ಬರೆಯುತ್ತಿದ್ದೇನೆ. ಹೇಳಿದ್ದು ನಾನು.

ಅವರು ನಕ್ಕರಲ್ಲ, ಆಗ. ನಿನ್ನ ಅಣ್ಣನನ್ನು ಹಳಿಯುವುದಕ್ಕಲ್ಲ, ಅವನ ಪರವಾಗಿ ಹೇಳಿದೆ. "ನೀವೆಲ್ಲ ಎರಡು ಕಣ್ಣಿಟ್ಕೊಂಡು ನೋಡಲಾರದ್ದನ್ನ ಅವನು ಒಂದೇ ಕಣ್ಣಲ್ಲಿ ನೋಡ್ತಾನೆ, ಗೊತ್ತಾ?" ಎಂದುಬಿಟ್ಟೆ. ಕರ್ಟ್ ಎತ್ತಿದ್ದ ಚಮಚವನ್ನು ತಟ್ಟೆಗೇ ಇಟ್ಟ. ವಾದ ಗೆದ್ದೆ ಎಂದು ನನಗೆ ಎಷ್ಟು ಸಂತೋಷವಾಯಿತೆಂದರೆ, ಎರಡನೇ ಸಲ ಹಾಟ್‌ಡಿಶ್ ಬಡಿಸಿಕೊಂಡೆ. ಕರ್ಟ್‌ನ ಅಣ್ಣ ನದಿಯಾಚೆ ಓದುತ್ತಾನೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಹೇಳುತ್ತಿದ್ದೆನೋ ಏನೋ, ಅದೇ ನನ್ನನ್ನು ಕೊಲ್ಲುತ್ತಿದೆ.

ಸೀತಾಳೆಯಾಗಿ ನಾವಿಬ್ಬರೂ ಹಾಸ್ಟೆಲಿನ ಸಿಕ್ ರೂಮಿನಲ್ಲಿದ್ದಾಗ ನೀನು ಅಳುತ್ತಾ ಇದನ್ನು ಹೇಳಿದೆ. ಯಾರಿಗೂ ಹೇಳುವುದಿಲ್ಲ ಎಂಬ ಆಣೆಗೆ ಉಪ್ಪು ಬಿಸ್ಕತ್ತು ಮುರಿದು ಅರ್ಧರ್ಧ ತಿಂದೆವು. ಅದನ್ನು ತಿಂದ ಮೇಲೆ ನಮ್ಮ ಹಾಸ್ಟೆಲಿನಲ್ಲಿ ಯಾರೂ ಬಾಯಿ ಬಿಟ್ಟದ್ದಿಲ್ಲ. ನಾನು ಅರ್ಧ ಮಾತ್ರ ಬಿಟ್ಟಿದ್ದೇನೆ. ಅದು ಮರದ ಕೊಂಬೆಯಲ್ಲ, ಮೀನಿನ ಗಾಳ ಎಂದು ಹೇಳಿಲ್ಲ. ಗಾಳ ಬೀಸಿದ ಕೈ ಯಾರದೆಂದು ಹೇಳಿಲ್ಲ. ತಂಗಿಯ ಹೆಸರನ್ನು ಡಾಲ್ಟನ್ ಇವತ್ತಿಗೂ ಹೇಳಿಲ್ಲ.

ಕಮಿಟಿಯ ಮುಂದೆ ಹೋಗಿ ನಾನೇ ಹೇಳಿದ್ದೆಂದು ಒಪ್ಪಿಕೊಂಡರೆ ಓರ್ವಿಲ್ ಉಳಿಯುತ್ತಾನೆ. ಆದರೆ ಅವರು ಮೊದಲು ಕೇಳುವುದು, ನಿನಗೆ ಹೇಗೆ ಗೊತ್ತಾಯಿತು ಎಂದು. ನಿನ್ನ ಹೆಸರು ಹೇಳಿದರೆ ಸಂಜೆಯೊಳಗೆ ನಿನ್ನ ಅಮ್ಮನ ಫೋನ್ ನಿನಗೆ ಬರುತ್ತದೆ, ಅವರು ಆ ಕೊಂಬೆಯ ವಿಷಯವನ್ನೇ ಕೇಳುತ್ತಾರೆ. ನನಗೆ ಸುಳ್ಳು ಹೇಳಲು ಬರುವುದಿಲ್ಲ, ನಿನಗೇ ಗೊತ್ತು. ಮತ್ತೊಂದು ಸಲ ನಿನ್ನನ್ನು ಕೇಳದೆ ನಿನ್ನ ಮಾತು ಬೇರೆಯವರಿಗೆ ಕೊಡಲಾರೆ. ಸುಮ್ಮನೆ ಕೂತು ಓರ್ವಿಲ್ ಹೋಗುವುದನ್ನು ನೋಡಲೂ ಆರೆ.

ನಿನ್ನ ಹೆಸರು ಹೇಳಲೇ, ಬೇಡವೇ? ಬೈಯುವುದನ್ನು ಆಮೇಲೆ ಬರೆ. ಕಮಿಟಿ ಸೇರುವುದು ಮೂರನೇ ತಾರೀಖು ಬೆಳಿಗ್ಗೆ ಹತ್ತಕ್ಕೆ. ಒಂದನೇ ತಾರೀಖು ಶನಿವಾರದ ಟಪಾಲಿಗೆ ತಲುಪುವ ಹಾಗೆ, ದಯವಿಟ್ಟು ಬೇಗ ಉತ್ತರ ಹಾಕು.