ಜೋಳದ ಹಿಟ್ಟಿನ ಹೋಳಿಗೆ

ಮಧುಗಿರಿ, ೧೯೪೪

ಸೊಸೆ ಕರಿಬಸಮ್ಮನಿಗೆ,

ನೀನು ತೀರಿಕೊಂಡು ಎರಡು ವರ್ಷವಾಯಿತು. ಯುದ್ಧದಿಂದಾಗಿ ಗೋಧಿ, ಸಕ್ಕರೆ ಸಿಗುತ್ತಿಲ್ಲ. ನಿನ್ನ ಗಂಡನ ಎರಡನೇ ಹೆಂಡತಿ ಚನ್ನಮಲ್ಲಮ್ಮ ಇಂದು ಜೋಳದ ಹಿಟ್ಟನ್ನು ಕುದಿನೀರಲ್ಲಿ ನಾದಿ, ಬೆಲ್ಲದ ಹೂರಣ ತುಂಬಿ ಹೋಳಿಗೆ ತಟ್ಟಿದಳು. ಮೇಲೆ ಸುರಿಯಲು ಹಸುವಿನ ಹಾಲಿಲ್ಲದೆ ಕಡಲೆಕಾಯಿ ರುಬ್ಬಿ ಹಾಲು ಹಿಂಡಿದ್ದಳು.

ಹೋಳಿಗೆ ನಿನ್ನ ಗಂಡನ ತಟ್ಟೆಯಲ್ಲೇ ಹರಿದು ಚೂರಾಯಿತು. “ಏನ್ಲೇ ಇದು, ದನಕ್ಕೆ ಇಕ್ಕೋದಾ?” ಎಂದು ನನ್ನ ಮಗ ಅವಳ ಜಡೆ ಹಿಡಿದು ತಲೆಯನ್ನು ಗೋಡೆಗೆ ಅಪ್ಪಳಿಸಿದ. ಹಣೆ ಒಡೆದು ರಕ್ತ ಸುರಿಯಿತು. ನಾನು ಒಲೆಯಿಂದ ಕೊಳ್ಳಿ ಎಳೆದು ಅವನ ಕೈಗೆ ಬಾರಿಸಿದೆ.

“ಅವ್ವಾ, ನನ್ನೇ ಸುಡ್ತೀಯಾ?”

“ಅವಳ್ನ ಬುಡು. ಇಲ್ಲಾಂದ್ರೆ ಮೋರೆ ಸುಟ್ಬುಡ್ತೀನಿ ಕಣ್ಲಾ.”

ಅವನು ಬಿಟ್ಟು ಹೊರಗೆ ಓಡಿದ. ಚನ್ನಮಲ್ಲಮ್ಮ ನನ್ನ ಕಾಲು ತಬ್ಬಿಕೊಂಡು, “ಅತ್ತೆಮ್ಮ, ನೀವಿದ್ದುದ್ಕೆ ಉಳ್ಕೊಂಡೆ” ಎಂದಳು.

ಅವನು ನಿನ್ನನ್ನು ಬಡಿದ ಆ ಕೊನೆಯ ದಿನವೂ ನಾನು ಇದೇ ಅಡುಗೆಮನೆಯಲ್ಲಿ ನೋಡುತ್ತ ನಿಂತಿದ್ದೆನೆಂದು ಅವಳಿಗೆ ಹೇಳಲಾಗಲಿಲ್ಲ.

ನಿನ್ನ ಅತ್ತೆ,
ಸಿದ್ದಗಂಗಮ್ಮ